ಎಳೆ ಪಾಕ, ಗಟ್ಟಿ ಪಾಕ: ಜ್ವಾಲಾಮುಖಿಗಳಲ್ಲಿ ಎಷ್ಟು ಬಗೆ?

ಪಂಚಮಿಗೆ ಎರಡು ದಿನ ಮೊದಲು ಹುಬ್ಬಳ್ಳಿಯಿಂದ ಗದಗಿನ ತವರುಮನೆಗೆ ಹೋಗಿದ್ದೆ. ಒಳಗೆ ಅವ್ವ ಉಂಡಿಗೆಂದು ಬೆಲ್ಲದ ಪಾಕ ಇಟ್ಟಿದ್ದಳು. ಪಡಸಾಲೆಯಲ್ಲಿ ಅಣ್ಣನ ಮಗ, ಎಂಟನೇ ಇಯತ್ತೆಯವ, ವಹಿ ಬಿಚ್ಚಿಕೊಂಡು ಕೂತಿದ್ದ. "ಅತ್ತಿ, ಜ್ವಾಲಾಮುಖಿ ಎಷ್ಟು ಥರಾ ಅದಾವು?" ಎಂದು ಕೇಳಿದವನು ನಾನು ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಓದಿದ: "ಜಾಗೃತ, ಸುಪ್ತ, ಲುಪ್ತ. ಮೂರು. ಬರೋಬರಿ ಐತಿಲ್ಲ?"

ಪರೀಕ್ಷೆಗೆ ಬರೋಬರಿ. ಆದರೆ ಈ ವಿಂಗಡಣೆ ನನಗೆ ಎಂದೂ ಸೇರಿದ್ದಲ್ಲ. ಎದ್ದವರು, ಮಲಗಿದವರು, ಸತ್ತವರು ಎಂದು ಊರಿನ ಜನರನ್ನು ಮೂರು ಪಾಲು ಮಾಡಿದ ಹಾಗಾಯಿತು ಅದು. ಮಲಗಿದವನನ್ನು ನೋಡಿ ಅವನು ಸಿಟ್ಟಿನವನೋ ಸಮಾಧಾನದವನೋ ಹೇಳಲಾದೀತೇ? ಫಿಲಿಪ್ಪೀನ್ಸಿನ ಪಿನಾಟುಬೊ ಸುಮಾರು 500 ವರ್ಷ ಸುಮ್ಮನಿತ್ತು. ಮೈತುಂಬ ಕಾಡು ಬೆಳೆದಿತ್ತು, ಸುತ್ತ ಜನ ನೆಲೆಸಿದ್ದರು. 1991ರ ಜೂನ್ 15ರಂದು ಅದು 20ನೇ ಶತಮಾನದ ಎರಡನೆಯ ಅತಿದೊಡ್ಡ ಸ್ಫೋಟವಾಗಿ ಸಿಡಿಯಿತು. ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದ ಬಗ್ಗೆ ಮನುಷ್ಯರ ದಾಖಲೆಯೇ ಇರಲಿಲ್ಲ. 2025ರ ನವೆಂಬರ್ 23ರಂದು ಸಿಡಿದು ತನ್ನ ಬೂದಿಯನ್ನು ಕೆಂಪು ಸಮುದ್ರ ದಾಟಿಸಿ ದೆಹಲಿಯ ಆಕಾಶದವರೆಗೂ ಕಳಿಸಿತು, ನಮ್ಮಲ್ಲೂ ವಿಮಾನಗಳು ರದ್ದಾದವು. ಮಲಗಿದೆಯೋ ಎದ್ದಿದೆಯೋ ಎನ್ನುವುದು ಜ್ವಾಲಾಮುಖಿಯ ಇವತ್ತಿನ ಸ್ಥಿತಿ, ಅದರ ಸ್ವಭಾವವಲ್ಲ. ಸ್ವಭಾವ ತಿಳಿಯಬೇಕಾದರೆ ಒಳಗಿನ ರಸ ಎಂಥದು ಎಂದು ಕೇಳಬೇಕು.

ಆ ರಸಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರಿದೆ, ಶಿಲಾಪಾಕ. ನೆಲದೊಳಗೆ ಇರುವಾಗ ಶಿಲಾಪಾಕ, ಹೊರಗೆ ಹರಿದರೆ ಲಾವಾ. ಜ್ವಾಲಾಮುಖಿ ಎಂಬ ಹೆಸರು ಮಾತ್ರ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಲ್ಲಿ ಕಟ್ಟಿಗೆ ಉರಿದಂತೆ ಏನೂ ಉರಿಯುತ್ತಿರುವುದಿಲ್ಲ. ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣದಂತೆ ಕಾದ ಕಲ್ಲು ಹೊಳೆಯುತ್ತಿರುತ್ತದೆ, ಅಷ್ಟೆ. (ಹಿಮಾಚಲದ ಜ್ವಾಲಾಮುಖಿ ಗುಡಿಯಲ್ಲಿ ನಿಜವಾದ ಜ್ವಾಲೆ ಇದೆ, ಬಂಡೆಯ ಸಂದಿಯಿಂದ ಬರುವ ನೈಸರ್ಗಿಕ ಅನಿಲದ್ದು. ಅಲ್ಲಿ ಜ್ವಾಲೆ ಉಂಟು, ಜ್ವಾಲಾಮುಖಿ ಇಲ್ಲ.) ಶಿಲಾಪಾಕ ಎಂದವರು ಯಾರೋ, ಅಡುಗೆಮನೆ ಬಲ್ಲವರೇ ಇರಬೇಕು. ಪಾಕ ಮಾಡಿದವರಿಗೆ ಗೊತ್ತು, ಎಲ್ಲವೂ ಅದು ಎಷ್ಟು ಎಳೆ, ಎಷ್ಟು ಗಟ್ಟಿ ಎಂಬುದರ ಮೇಲೆಯೇ ನಿಂತಿರುತ್ತದೆ.

ಹುಡುಗನನ್ನು ಒಲೆಯ ಹತ್ತಿರ ಕರೆದೆ. ಅವ್ವ ಆಗಲೇ ಚಮಚದ ತುದಿಯಿಂದ ಪಾಕವನ್ನು ತಾಟಿಗೆ ಬಿಟ್ಟು ನೋಡುತ್ತಿದ್ದಳು. "ಇನ್ನೂ ಎಳೀ ಐತಿ. ಒಂದೀಟು ಕುದೀಲಿ." ಮೊದಲ ಹನಿ ತಾಟಿನ ಮೇಲೆ ಬಿದ್ದದ್ದೇ ತೆಳ್ಳಗೆ ಹರಡಿತು. ಐದು ನಿಮಿಷ ಬಿಟ್ಟು ಹಾಕಿದ ಹನಿ ಬಿದ್ದಲ್ಲೇ ಗುಬ್ಬಿಯಾಗಿ ಕೂತಿತು. ಪಾತ್ರೆಯೊಳಗೂ ಅದೇ ವ್ಯತ್ಯಾಸ. ಎಳೆಯದಿದ್ದಾಗ ಗುಳ್ಳೆಗಳು ಪಟಪಟನೆ ಬಂದು ಒಡೆದು ಹೋಗುತ್ತಿದ್ದವು. ಗಟ್ಟಿಯಾಗುತ್ತ ಬಂದಂತೆ ಒಂದೊಂದು ಗುಳ್ಳೆಯೂ ಉಬ್ಬಿ, ತಡೆದು, ಆಮೇಲೆ ಟಪ್ಪೆಂದು ಸಿಡಿದು ಕೈಗೆ ಚುರುಕು ಮುಟ್ಟಿಸುತ್ತಿತ್ತು. ಜಗತ್ತಿನ ಜ್ವಾಲಾಮುಖಿಗಳ ಮುಖ್ಯ ಬಗೆಗಳು ಆ ಒಂದು ಬೋಗುಣಿಯಲ್ಲೇ ಇದ್ದವು.

ಬೆಲ್ಲದ ಪಾಕ ಗಟ್ಟಿಯಾಗುವುದು ನೀರು ಆರಿದ್ದರಿಂದ. ಶಿಲಾಪಾಕ ಗಟ್ಟಿಯಾಗುವುದು ಮುಖ್ಯವಾಗಿ ಸಿಲಿಕಾದಿಂದ. ಮರಳಿನಲ್ಲಿ, ಗಾಜಿನಲ್ಲಿ ಇರುವ ಅದೇ ಸಿಲಿಕಾ. ಅದು ಸರಪಳಿ ಸರಪಳಿಯಾಗಿ ಒಂದಕ್ಕೊಂದು ಹೆಣೆದುಕೊಂಡು ರಸವನ್ನು ಅಂಟಾಗಿಸುತ್ತದೆ. ಅರ್ಧದಷ್ಟು ಸಿಲಿಕಾ ಇರುವುದು ಬಸಾಲ್ಟ್ ರಸ. 1,100ರಿಂದ 1,200 ಡಿಗ್ರಿ ಬಿಸಿಯಲ್ಲಿ ಹೊರಬರುತ್ತದೆ, ಸಲೀಸಾಗಿ ಹರಿಯುತ್ತದೆ. ಸಿಲಿಕಾ ಶೇಕಡಾ 70 ಮುಟ್ಟಿದರೆ ರಯೊಲೈಟ್. ಅದರ ಬಿಸಿಯೂ ಕಡಿಮೆ, 700ರಿಂದ 900 ಡಿಗ್ರಿ, ಹರಿಯುವುದಕ್ಕಿಂತ ತುರುಕಿಕೊಳ್ಳುವುದೇ ಹೆಚ್ಚು. ಇವೆರಡರ ನಡುವಿನದು ಆಂಡಿಸೈಟ್. ಆಂಡಿಸ್ ಪರ್ವತಗಳ ಹೆಸರೇ ಅದಕ್ಕೆ ಬಂದಿದೆ.

ಎಳೆ ಪಾಕದ ಜ್ವಾಲಾಮುಖಿ ನೋಡಬೇಕಾದರೆ ಹವಾಯಿಗೆ ಹೋಗಬೇಕು. ಅಲ್ಲಿನ ಮೌನಾ ಲೋವಾ ಸಮುದ್ರಮಟ್ಟದಿಂದ 4,169 ಮೀಟರ್ ಎತ್ತರ. ಸಾಗರದ ತಳದಿಂದ ಲೆಕ್ಕ ಹಾಕಿದರೆ 9 ಕಿಲೋಮೀಟರ್ ದಾಟುತ್ತದೆ. ಆದರೂ ದೂರದಿಂದ ನೋಡಿದರೆ ಬೆಟ್ಟ ಅನ್ನಿಸುವುದಿಲ್ಲ, ರೊಟ್ಟಿಯ ಹಂಚನ್ನು ಬೋರಲು ಹಾಕಿದ ಹಾಗೆ ಕಾಣುತ್ತದೆ. ತೆಳ್ಳನೆಯ ರಸ ದೂರದವರೆಗೆ ಹರಿದು, ಪದರದ ಮೇಲೆ ಪದರ ಬಿದ್ದು ಆದ ಆಕಾರ ಅದು. ಪುಸ್ತಕದ ಹೆಸರು ಗುರಾಣಿ ಜ್ವಾಲಾಮುಖಿ. ಪಕ್ಕದ ಕಿಲಾವೆಯಾ 2018ರಲ್ಲಿ ಜನವಸತಿಯ ನಡುವೆಯೇ ಬಿರಿದು 700ರಷ್ಟು ಮನೆಗಳನ್ನು ನುಂಗಿತು, ಆದರೆ ಲಾವಾಕ್ಕೆ ಸಿಕ್ಕಿ ಯಾರೂ ಸಾಯಲಿಲ್ಲ. ಜನ ಸಾಮಾನು ಹೇರಿಕೊಂಡು ಹೋಗುವಷ್ಟು ಪುರಸೊತ್ತು ಕೊಡುವ ಜಾತಿ ಇದು. ಹವಾಯಿಯವರು ಒರಟು, ಚೂಪು ಲಾವಾಕ್ಕೆ "ಆ-ಆ" ಎನ್ನುತ್ತಾರೆ. ಬರಿಗಾಲಲ್ಲಿ ಅದರ ಮೇಲೆ ನಡೆದವರು ಬೇರೆ ಹೆಸರು ಇಡಲಾರರು ಅನ್ನಿಸುತ್ತದೆ. ಎಳೆ ಪಾಕವೆಂದು ಪೂರಾ ನಂಬುವಂತೆಯೂ ಇಲ್ಲ. ಕಾಂಗೊದ ನೈರಗೊಂಗೊದಲ್ಲಿ 1977ರಲ್ಲಿ ಬೆಟ್ಟದ ಪಕ್ಕೆ ಬಿರಿದು ಮೇಲಿನ ಲಾವಾ ಸರೋವರ ಒಮ್ಮೆಲೆ ಬಸಿದುಹೋಯಿತು. ನೀರಿನಂತೆ ತೆಳುವಾದ ಆ ರಸ ಓಡುವವರನ್ನೂ ಹಿಡಿಯಿತು.

ಗಟ್ಟಿ ಪಾಕದ ಕತೆಗೆ ಅಡುಗೆಮನೆ ಸಾಲದು, ಹುಬ್ಬಳ್ಳಿಯ ದುರ್ಗದ ಬೈಲಿಗೆ ಬರಬೇಕು. ಗೋಲಿ ಸೋಡಾ ಕುಡಿದವರು ನೆನಪು ಮಾಡಿಕೊಳ್ಳಿ. ಬಾಟಲಿ ಮುಚ್ಚಿರುವ ತನಕ ಒಳಗೆ ಒಂದು ಗುಳ್ಳೆಯೂ ಕಾಣುವುದಿಲ್ಲ. ಅನಿಲ ಒತ್ತಡಕ್ಕೆ ಸಿಕ್ಕಿ ನೀರಿನಲ್ಲೇ ಕರಗಿ ಕೂತಿರುತ್ತದೆ, ಅದರ ಒತ್ತಡವೇ ಗೋಲಿಯನ್ನು ಕುತ್ತಿಗೆಗೆ ಒತ್ತಿ ಹಿಡಿದಿರುತ್ತದೆ. ಅಂಗಡಿಯವ ಗೋಲಿ ಒತ್ತಿದ ಕ್ಷಣ ಒತ್ತಡ ಬಿಡುತ್ತದೆ, ಕರಗಿದ್ದ ಅನಿಲವೆಲ್ಲ ಗುಳ್ಳೆಯಾಗಿ ನೊರೆ ಉಕ್ಕುತ್ತದೆ. ಶಿಲಾಪಾಕದಲ್ಲೂ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಹೀಗೆಯೇ ಕರಗಿರುತ್ತವೆ. ರಸ ಎಳೆಯದಾದರೆ ಗುಳ್ಳೆಗಳು ದಾರಿ ಮಾಡಿಕೊಂಡು ಹೋಗುತ್ತವೆ. ಗಟ್ಟಿಯಾದರೆ ಸಿಕ್ಕಿಹಾಕಿಕೊಳ್ಳುತ್ತವೆ, ಹಿಗ್ಗುತ್ತವೆ, ಕಡೆಗೆ ರಸವನ್ನೇ ಚೂರುಚೂರು ಮಾಡಿ ಹೊರಬೀಳುತ್ತವೆ. ಜ್ವಾಲಾಮುಖಿಯ ಬೂದಿ ಸುಟ್ಟ ಬೂದಿಯಲ್ಲ, ಹೀಗೆ ಪುಡಿಯಾದ ಕಲ್ಲು ಮತ್ತು ಗಾಜು. ನೊರೆ ನೊರೆಯಾಗಿಯೇ ಗಟ್ಟಿಯಾದರೆ ಪ್ಯೂಮಿಸ್. ಹಿಮ್ಮಡಿ ತಿಕ್ಕಲು ಮಾರುವ, ನೀರಲ್ಲಿ ಹಾಕಿದರೆ ತೇಲುವ ತೂತುಗಲ್ಲು ನಿಮ್ಮ ಬಚ್ಚಲಲ್ಲಿದ್ದರೆ, ಅದು ಅಸಲಿಯಾಗಿದ್ದರೆ, ಯಾವುದೋ ಜ್ವಾಲಾಮುಖಿಯ ನೊರೆ ನಿಮ್ಮ ಮನೆಯಲ್ಲಿದೆ.

ಗೋಲಿ ಒತ್ತಿದಂಥ ಘಟನೆ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದಲ್ಲಿ ಕಣ್ಣೆದುರೇ ನಡೆಯಿತು. 123 ವರ್ಷ ಮಲಗಿದ್ದ ಬೆಟ್ಟ 1980ರ ಮಾರ್ಚಿನಲ್ಲಿ ಮಿಸುಕಾಡಿತು. ಗಟ್ಟಿ ರಸ ಒಳಗೆ ತುರುಕಿಕೊಂಡು ಉತ್ತರದ ಪಕ್ಕೆ ಬಾವು ಬಂದ ಹಾಗೆ ದಿನಕ್ಕೆ ಒಂದೂವರೆ ಎರಡು ಮೀಟರ್ ಉಬ್ಬುತ್ತ ಹೋಯಿತು. ಮೇ 18ರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಒಂದು ಭೂಕಂಪ. ಉಬ್ಬಿದ ಪಕ್ಕೆ ಕುಸಿದು ಜಾರಿತು, ಎಂದರೆ ಬಾಟಲಿಯ ಗೋಲಿ ಕೆಳಗೆ ಬಿತ್ತು. ಸ್ಫೋಟ ಮೇಲಕ್ಕೆ ಬದಲು ಅಡ್ಡಡ್ಡವಾಗಿ ಹೊರಟು ಕಾಡುಗಳನ್ನು ಕಡ್ಡಿಗಳಂತೆ ಒಂದೇ ದಿಕ್ಕಿಗೆ ಮಲಗಿಸಿತು. 57 ಜನ ಸತ್ತರು, 2,950 ಮೀಟರಿನ ಬೆಟ್ಟ 2,549 ಮೀಟರಿಗೆ ಇಳಿಯಿತು.

ಒಮ್ಮೆ ಲಾವಾ, ಒಮ್ಮೆ ಬೂದಿ, ಹೀಗೆ ಪದರ ಪದರವಾಗಿ ಕಟ್ಟಿಕೊಂಡು ಕಡಿದಾಗಿ ನಿಲ್ಲುವ ಇಂಥವನ್ನು ಸ್ತರ ಜ್ವಾಲಾಮುಖಿ ಎನ್ನುತ್ತಾರೆ. ಜಪಾನಿನ ಫ್ಯೂಜಿ, ಇಟಲಿಯ ವೆಸೂವಿಯಸ್ ಇದೇ ಕುಲ. ಕ್ಯಾಲೆಂಡರಿನ ಚಿತ್ರಗಳಲ್ಲಿ ಬರುವ ಚೆಂದದ ಜ್ವಾಲಾಮುಖಿಗಳೆಲ್ಲ ಹೆಚ್ಚುಕಡಿಮೆ ಇವೇ, ಜೀವ ತೆಗೆದದ್ದರಲ್ಲೂ ಇವುಗಳದ್ದೇ ದೊಡ್ಡ ಪಾಲು. ಅದೂ ಲಾವಾದಿಂದಲ್ಲ. ಕಾದ ಅನಿಲ, ಬೂದಿ, ಕಲ್ಲು ಒಂದಾಗಿ ಇಳಿಜಾರಿನಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಉರುಳಿ ಬರುವ ಮೋಡದಿಂದ. 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದ ಪೆಲೆ ಪರ್ವತದಿಂದ ಇಳಿದ ಅಂಥ ಮೋಡ ಸೇಂಟ್ ಪಿಯೆರ್ ಪಟ್ಟಣದ ಸುಮಾರು 28,000 ಜನರನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿತು. ಬದುಕುಳಿದ ಬೆರಳೆಣಿಕೆಯ ಜನರಲ್ಲಿ ಒಬ್ಬ, ದಪ್ಪ ಗೋಡೆಯ ಕತ್ತಲಕೋಣೆಯಲ್ಲಿ ಕೂಡಿಹಾಕಿದ್ದ ಕೈದಿ.

ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಕೊಲಂಬಿಯಾದ ಆರ್ಮೆರೊ. 1985ರ ನವೆಂಬರ್ 13ರಂದು ನೆವಾಡೊ ದೆಲ್ ರೂಯಿಸ್ ಸಿಡಿದದ್ದು ಸಣ್ಣದಾಗಿಯೇ. ಆದರೆ ನೆತ್ತಿಯ ಮೇಲಿನ ಹಿಮ ಕರಗಿ, ಬೂದಿಯೊಂದಿಗೆ ಕಲೆತು, ಕಲಸಿದ ಸಿಮೆಂಟಿನಂಥ ಕೆಸರಾಗಿ ಹಳ್ಳದ ಗುಂಟ ಇಳಿಯಿತು. ಊರು ಮುಟ್ಟಲು ಅದಕ್ಕೆ ಎರಡು ತಾಸಿಗೂ ಮೇಲೆ ಹಿಡಿಯಿತು. ಎಲ್ಲಿಗೆ ಕೆಸರು ಬರಬಹುದು ಎಂಬ ನಕ್ಷೆ ಹಿಂದಿನ ತಿಂಗಳೇ ತಯಾರಾಗಿತ್ತು. ಆದರೂ ಜನ ಮನೆಯಲ್ಲೇ ಇದ್ದರು, ಸುಮಾರು 23,000 ಮಂದಿ ಸತ್ತರು. ಆರು ವರ್ಷಕ್ಕೆ ಪಿನಾಟುಬೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಸಿಡಿದಾಗ ವಿಜ್ಞಾನಿಗಳ ಮಾತು ಕೇಳಿ ಹತ್ತಾರು ಸಾವಿರ ಜನರನ್ನು ಮೊದಲೇ ಸಾಗಿಸಿದ್ದರು, ಸಾವಿರಾರು ಜೀವ ಉಳಿದವು.

ಇನ್ನು ಮೂರನೆಯ ಬಗೆ, ಕಿಟ್ಟದ ಶಂಕು. ಇದನ್ನು ಹಾವೇರಿಯ ರೈತರಿಗೆ ಹೇಳಿದರೆ ಬೇಗ ತಲೆಗೆ ಹೋಗುತ್ತದೆ, ಏಕೆಂದರೆ ಇದು ಹುಟ್ಟಿದ್ದು ಗೋವಿನಜೋಳದ ಹೊಲದಲ್ಲಿ. 1943ರ ಫೆಬ್ರುವರಿ 20. ಮೆಕ್ಸಿಕೊದ ಡಿಯೊನಿಸಿಯೊ ಪುಲಿಡೊ ಎಂಬ ರೈತ ಬಿತ್ತನೆಗೆ ಹೊಲ ಹದ ಮಾಡುತ್ತಿದ್ದ. ಕೆಲವು ವಾರಗಳಿಂದ ನೆಲ ಅದುರುತ್ತಿತ್ತು, ಗುಡುಗಿದಂತೆ ಸದ್ದು ಬರುತ್ತಿತ್ತು. ಅಂದು ಮಧ್ಯಾಹ್ನ ಹೊಲದಲ್ಲಿ ಬಿರುಕು ಬಿಟ್ಟಿತು, ಹೊಗೆ ಬಂತು, ಗಂಧಕದ ವಾಸನೆ ಹೊಡೆಯಿತು. ನಮ್ಮ ಎರಿ ಹೊಲ ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುವುದನ್ನು ನೋಡಿದವರಿಗೆ ಬಿರುಕು ಹೊಸದಲ್ಲ, ಆದರೆ ಆ ಬಿರುಕು ಮುಚ್ಚಲಿಲ್ಲ. ಮರುದಿನ ನೋಡಿದರೆ ಹೊಲದ ನಡುವೆ ಗುಡ್ಡ! ವರ್ಷ ತುಂಬುವಷ್ಟರಲ್ಲಿ 300 ಮೀಟರ್ ದಾಟಿತು. ಊರಿನ ಹೆಸರು ಗುಡ್ಡಕ್ಕೇ ಹೋಯಿತು, ಪರಿಕುಟಿನ್. ಒಂಬತ್ತು ವರ್ಷ ಉಗುಳಿ 1952ರಲ್ಲಿ ನಿಂತಾಗ ಎತ್ತರ 424 ಮೀಟರ್. ಲಾವಾ ನಿಧಾನಕ್ಕೆ ಬಂದದ್ದರಿಂದ ಅದಕ್ಕೆ ಯಾರೂ ಬಲಿಯಾಗಲಿಲ್ಲ. ಬೂದಿಯ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಮೂವರು ಸತ್ತರು. ಪಕ್ಕದೂರಿನ ಇಗರ್ಜಿಯ ಗೋಪುರ ಇಂದಿಗೂ ಕರೀ ಕಲ್ಲಿನ ನಡುವೆ ಕುತ್ತಿಗೆ ಎತ್ತಿ ನಿಂತಿದೆ.

ಕಾರಂಜಿಯಂತೆ ಚಿಮ್ಮಿದ ರಸ ಗಾಳಿಯಲ್ಲೇ ಆರಿ, ಕುಲುಮೆಯ ಕಿಟ್ಟದಂಥ ಹರಳುಗಳಾಗಿ ಬಾಯಿಯ ಸುತ್ತ ರಾಶಿ ಬೀಳುವುದೇ ಈ ಶಂಕು. ಕಣದಲ್ಲಿ ಕಾಳು ಸುರಿದರೆ ರಾಶಿ ಹೇಗೆ ತನ್ನಷ್ಟಕ್ಕೆ ಒಂದು ಇಳಿಜಾರಿಗೆ ನಿಲ್ಲುತ್ತದೋ ಇದೂ ಹಾಗೆಯೇ. ಸಾಮಾನ್ಯವಾಗಿ ಒಂದೇ ಹಂಗಾಮಿನ ಬಾಳು, ಮತ್ತೆ ಏಳುವುದಿಲ್ಲ.

ಪಾಕ ತೀರಾ ಗಟ್ಟಿಯಾದರೆ ಬಾಯಿಯಲ್ಲೇ ಗುಬ್ಬಿಯಾಗಿ ಕೂರುತ್ತದೆ, ಅದು ಗುಮ್ಮಟ. ಕೊನೆಯದೂ ಅತಿ ಭಯಂಕರವೂ ಆದದ್ದು ಕಾಲ್ಡೆರಾ. ಆ ಪದಕ್ಕೆ ಕೊಪ್ಪರಿಗೆ ಎಂದೇ ಅರ್ಥ. ಭಾರೀ ಸ್ಫೋಟದಲ್ಲಿ ಒಳಗೆ ಶಿಲಾಪಾಕ ತುಂಬಿದ್ದ ಕೋಣೆ ಬರಿದಾದಾಗ ಮೇಲಿನ ನೆಲವೇ ಕುಸಿದು ಬೆಲ್ಲದ ಗಾಣದ ಕೊಪ್ಪರಿಗೆಯಂತೆ ದೊಡ್ಡ ತಗ್ಗು ಉಳಿಯುತ್ತದೆ. ಇಂಡೋನೇಷ್ಯಾದ ತಂಬೋರಾ 1815ರಲ್ಲಿ ಹೀಗೆ ಕುಸಿಯಿತು. ಅದರ ಗಂಧಕದ ಮುಸುಕಿನಿಂದ ಮರುವರ್ಷ ಯುರೋಪ್, ಅಮೆರಿಕಗಳಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು. ಅದಕ್ಕೂ ದೊಡ್ಡದು ಸುಮಾರು 74,000 ವರ್ಷಗಳ ಹಿಂದಿನ ಟೋಬಾ. ಸುಮಾತ್ರಾದ ಆ ಬೂದಿ ಸಮುದ್ರ ದಾಟಿ ಆಂಧ್ರದ ಕರ್ನೂಲ್ ಸೀಮೆಯಲ್ಲೂ ಬಿದ್ದಿದೆ. ಆ ಪದರವನ್ನು ಅಗೆದು ಅಧ್ಯಯನ ಮಾಡಿದ ಊರಿನ ಹೆಸರು, ಯೋಗಾಯೋಗವೆಂಬಂತೆ, ಜ್ವಾಲಾಪುರಂ.

ಇಷ್ಟು ಹೇಳುವಾಗ ಹುಡುಗ ಒಂದು ತಪ್ಪು ತಿಳಿವಳಿಕೆ ಹೊರಹಾಕಿದ: "ಭೂಮಿ ಒಳಗ ಪೂರಾ ಲಾವಾನ ಇರತೈತಲ್ಲ?" ದೊಡ್ಡವರೂ ಹೀಗೇ ತಿಳಿದಿರುತ್ತಾರೆ. ನಮ್ಮ ಕಾಲಡಿಯ ಕವಚದ ಕೆಳಗಿನ ಹೊದಿಕೆ ರಸವಲ್ಲ, ಕಲ್ಲೇ. ಕರಗುವಷ್ಟು ಬಿಸಿ ಇದ್ದರೂ ಮೇಲಿನ ಒತ್ತಡ ಕರಗಗೊಡುವುದಿಲ್ಲ. ಕುಕ್ಕರಿನೊಳಗೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ 120ರ ಹತ್ತಿರ ಹೋಗುತ್ತದಲ್ಲ, ಹಾಗೆ. ಕರಗಬೇಕಾದರೆ ಒಂದೋ ಒತ್ತಡ ಇಳಿಯಬೇಕು, ಇಲ್ಲವೇ ನೀರು ಸೇರಬೇಕು. ಭೂಮಿಯ ಮೇಲ್ಪದರದ ದೊಡ್ಡ ದೊಡ್ಡ ತುಂಡುಗಳಾದ ಭೂಫಲಕಗಳು ಒಂದನ್ನೊಂದು ಬಿಟ್ಟು ಸರಿಯುವಲ್ಲಿ ಒತ್ತಡ ಇಳಿಯುತ್ತದೆ. ಸಾಗರದ ನಡುವಿನ ಏಣುಗಳಲ್ಲಿ, ಐಸ್‌ಲ್ಯಾಂಡಿನಲ್ಲಿ ಆಗುವುದು ಇದೇ, ಭೂಮಿಯ ಲಾವಾದಲ್ಲಿ ಹೆಚ್ಚಿನದು ಯಾರಿಗೂ ಕಾಣದಂತೆ ಆ ಏಣುಗಳಲ್ಲೇ ಹೊರಬರುತ್ತದೆ. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವಲ್ಲಿ ಸಮುದ್ರದ ನೀರೂ ಒಳಹೋಗುತ್ತದೆ. ಕುಲ್ಫಿ ಮಾಡುವವರು ಹಾಕುವ ಉಪ್ಪು ಮಂಜುಗಡ್ಡೆಯನ್ನು ಇನ್ನೂ ತಣ್ಣಗಿರುವಾಗಲೇ ಕರಗಿಸಿದಂತೆ ಆ ನೀರು ಕಲ್ಲನ್ನು ಕರಗಿಸುತ್ತದೆ. ಪೆಸಿಫಿಕ್ ಸುತ್ತಲಿನ ಅಗ್ನಿವಲಯ, ಇಂಡೋನೇಷ್ಯಾ, ನಮ್ಮ ಅಂಡಮಾನಿನ ಬ್ಯಾರನ್ ದ್ವೀಪ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಭಾರತದಲ್ಲಿ ಈಗಲೂ ಸಿಡಿಯುತ್ತಿರುವುದು ಬ್ಯಾರನ್ ಒಂದೇ. ಬಹುಕಾಲ ಸುಮ್ಮನಿದ್ದು 1991ರಲ್ಲಿ ಎದ್ದದ್ದು ಆಗಾಗ ಉಗುಳುತ್ತಲೇ ಇದೆ.

ಮೂರನೆಯ ಜಾಗ, ಬಿಸಿಚುಕ್ಕೆ. ಎಂದರೆ ಆಳದಿಂದ ಬಿಸಿ ಕಲ್ಲು ಮೇಲೇಳುತ್ತಲೇ ಇರುವ ತಾಣ. ಕೆಂಡದ ಮೇಲೆ ಹಪ್ಪಳ ಹಿಡಿದು ಮೆಲ್ಲಗೆ ಸರಿಸಿ. ಕೆಂಡ ಇದ್ದಲ್ಲೇ ಇರುತ್ತದೆ, ಹಪ್ಪಳದ ಮೇಲೆ ಗುಳ್ಳೆಗಳ ಸಾಲು ಏಳುತ್ತ ಹೋಗುತ್ತದೆ. ಹವಾಯಿಯ ದ್ವೀಪಸಾಲು ಅಂಥ ಗುಳ್ಳೆಗಳದ್ದು. ಕೆಂಡದ ಮೇಲೆ ಈಗ ಇರುವುದು ದೊಡ್ಡ ದ್ವೀಪ, ಉಳಿದವು ಸರಿದು ಆರಿದವು.

ಹಾಗಾದರೆ ನಮ್ಮ ಕಡೆ? ಗದಗಿನ ಮನೆಯ ಮಾಳಿಗೆ ಹತ್ತಿ ನೋಡಿದರೆ ದೂರಕ್ಕೆ ಗುಡ್ಡಗಳ ಸಾಲು. ಕಪ್ಪತಗುಡ್ಡ ಎಂದರೆ ನಮಗೆ ಔಷಧಿ ಗಿಡ, ಬೀಸುವ ಗಾಳಿ, ಬ್ರಿಟಿಷರ ಕಾಲದಲ್ಲಿ ಬಂಗಾರಕ್ಕೆ ತೋಡಿದ ಗಣಿ. ಆದರೆ ಕಪ್ಪತಗುಡ್ಡವನ್ನು ಒಳಗೊಂಡ ಗದಗ ಶಿಲಾಪಟ್ಟಿಯಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಲಾವಾ ಇದೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ! ನೀರಿಗೆ ಬಿದ್ದ ರಸದ ಮೈಮೇಲೆ ತಟ್ಟನೆ ಸಿಪ್ಪೆ ಕಟ್ಟುತ್ತದೆ, ಒಳಗಿನ ಬಿಸಿ ರಸ ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ಉಬ್ಬು ಮಾಡುತ್ತದೆ, ಹೀಗೆ ತಲೆದಿಂಬುಗಳನ್ನು ಒಟ್ಟಿದಂತೆ ಕಾಣುವ ದಿಂಬು ಲಾವಾ ಆಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಹಾವೇರಿಯಿಂದ ಹೆದ್ದಾರಿ ಹಿಡಿದು ಚಿತ್ರದುರ್ಗ ದಾಟಿ ಮರಡಿಹಳ್ಳಿಗೆ ಹೋಗಬಹುದು. ಅಲ್ಲಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಹಳೆಯ ಬಂಡೆಗಳ ಗುಂಪಿಗೆ 19ನೇ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು ಧಾರವಾಡ. ಪೇಢೆಗಿಂತ ಮೊದಲೇ ಕಲ್ಲಿನಿಂದ ನಮ್ಮೂರು ಪರದೇಶದವರಿಗೆ ಗೊತ್ತು ಎಂದು ನಾನು ಚೇಷ್ಟೆಗೆ ಹೇಳುವುದುಂಟು.

ಇಲ್ಲೊಂದು ಮಾತು ತಿದ್ದಬೇಕು. ನಮ್ಮ ಎರಿ ಮಣ್ಣೆಲ್ಲ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹಬ್ಬಿದ ಹಳೆಯ ಲಾವಾದಿಂದ, ಅಂದರೆ ಡೆಕ್ಕನ್ ಲಾವಾದಿಂದ ಬಂದದ್ದು ಎಂದು ಬಹಳ ಜನ ಹೇಳುತ್ತಾರೆ. ವಿಜಯಪುರದ ಎರಿಗೆ ಆ ಮಾತು ಸರಿ. ಗೋಲಗುಂಬಜ ಕಟ್ಟಿದ್ದೂ ಆ ಬಸಾಲ್ಟಿನಿಂದಲೇ. ಬೆಳಗಾವಿಯ ಆಚೆ ಸಹ್ಯಾದ್ರಿಯ ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳೂ ಅದೇ. ಆದರೆ ಡೆಕ್ಕನ್ ಲಾವಾದ ತೆಂಕಣ ಅಂಚು ಧಾರವಾಡಕ್ಕಿಂತ ಮೇಲೆಯೇ ಮುಗಿಯುತ್ತದೆ. ಹುಬ್ಬಳ್ಳಿ, ಗದಗಿನ ಎರಿ ಬಹುಪಾಲು ಇಲ್ಲಿಯವೇ ಆದ ಹಳೆಯ ಬಂಡೆಗಳು ಸವೆದು ಆದದ್ದು.

ಡೆಕ್ಕನ್ ಲಾವಾವನ್ನು ನಾನು ಕಡೆಗೆ ಇಟ್ಟದ್ದಕ್ಕೆ ಕಾರಣ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಈ ಲಾವಾ ಇಂದಿಗೂ 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ, ಪಶ್ಚಿಮ ಘಟ್ಟದ ಕಡೆ ಎರಡು ಕಿಲೋಮೀಟರಿನಷ್ಟು ದಪ್ಪ. ಇಷ್ಟಾಗಿಯೂ ಫ್ಯೂಜಿಯಂಥ ಒಂದೇ ಒಂದು ಶಿಖರ ಬಿಟ್ಟಿಲ್ಲ. ಪಾಕ ಅಷ್ಟು ಎಳೆಯದಿತ್ತು. ನೆಲದ ಉದ್ದುದ್ದ ಬಿರುಕುಗಳಿಂದ ಮತ್ತೆ ಮತ್ತೆ ಉಕ್ಕಿ, ಹರಿದು, ಹರಡಿ, ಆರಿತು. ಡೈನೊಸಾರ್‌ಗಳ ಅಳಿವಿನಲ್ಲಿ ಕ್ಷುದ್ರಗ್ರಹದ ಜೊತೆ ಇದರ ಪಾಲೂ ಎಷ್ಟು ಎಂದು ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರೆ. ಗುಡ್ಡದ ಆಕಾರ ನೋಡಿ ಜ್ವಾಲಾಮುಖಿ ಗುರುತಿಸುವವರಿಗೆ ಇಂಥ ದೈತ್ಯ ಕಣ್ಣಿಗೇ ಬೀಳುವುದಿಲ್ಲ.

ಆ ಲಾವಾ ಉಕ್ಕಿಸಿದ್ದೂ ಒಂದು ಬಿಸಿಚುಕ್ಕೆ ಎಂದು ಭೂವಿಜ್ಞಾನಿಗಳು ನಂಬುತ್ತಾರೆ. ಆಗ ಭಾರತದ ಫಲಕ ಹಿಂದೂ ಮಹಾಸಾಗರದಲ್ಲಿ ಬಹಳ ಕೆಳಗೆ, ಆ ಕೆಂಡದ ಮೇಲೆಯೇ ಇತ್ತು. ಆಮೇಲೆ ಉತ್ತರಕ್ಕೆ ಸರಿಯಿತು. ಸರಿದ ದಾರಿಯುದ್ದಕ್ಕೂ ಗುಳ್ಳೆಗಳ ಸಾಲು ಇದೆ: ಲಕ್ಷದ್ವೀಪ, ಮಾಲ್ದೀವ್ಸ್, ಮಾರಿಷಸ್, ಕಡೆಗೆ ರಿಯೂನಿಯನ್. ಆ ಪುಟ್ಟ ದ್ವೀಪದ ಪಿಟಾನ್ ದ ಲಾ ಫೂರ್ನೇಸ್ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಉಕ್ಕುವ ಜ್ವಾಲಾಮುಖಿಗಳಲ್ಲಿ ಒಂದು. ಎಳೆ ಪಾಕದ್ದೇ.

ಹುಡುಗ ಭೂಪಟದಲ್ಲಿ ರಿಯೂನಿಯನ್‌ನಿಂದ ಬೆರಳು ಇಟ್ಟು ಮೇಲಕ್ಕೆ ಎಳೆಯುತ್ತ ಬೆಳಗಾವಿಗೆ ತಂದು ನಿಲ್ಲಿಸಿದ. "ಹಂಗಾರ ಆ ಒಲಿ ಇನ್ನೂ ಆರಿಲ್ಲ?"

"ಆರಿಲ್ಲ. ನಾವ ಸರದು ಬಂದೀವಿ."